ಹೊಸಿಲಾಚೆಯ ಎಲೆ

ವಂಶವೃಕ್ಷದ ಪ್ರಕಾರ ನನ್ನ ಮುತ್ತಾತ, ಮುತ್ತಜ್ಜಿ ಒಡಹುಟ್ಟಿದವರು. ಶಿಡ್ಲಘಟ್ಟದ ಕಚೇರಿಯಲ್ಲಿ ತೆಗೆಸಿದ ಹಳೆಯ ದಾಖಲೆಯ ನಕಲಿನಲ್ಲಿ ಇಬ್ಬರಿಗೂ ಒಬ್ಬನೇ ಅಪ್ಪ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಅಣ್ಣ ತಂಗಿ ಮದುವೆಯಾದ ವಂಶದವನೇ ನಾನು ಎಂದು ಮೊದಲು ದಿಗಿಲಾಯಿತು, ಆಮೇಲೆ ಬರೆದವನ ಮೇಲೆ ಸಿಟ್ಟು ಬಂತು.

ಹುಡುಕಾಟ ಅಪ್ಪನದು, ಓಡಾಟ ಮಾತ್ರ ನನ್ನದು. ಅಪ್ಪ ಚಿಕ್ಕವರಿದ್ದಾಗ, ಸಾದಲಿ ಹತ್ತಿರದ ಮನೆಯಲ್ಲಿ ಹಿರಿಯರ ಹಬ್ಬಕ್ಕೆ ಎಡೆ ಇಡುವ ಹೊತ್ತಿಗೆ ಅವರ ತಾತ, ಅಂದರೆ ಈ ಮುತ್ತಾತ, ಹೊರಗೆ ಜಗಲಿಯಲ್ಲಿ ಕೂತುಬಿಡುತ್ತಿದ್ದರಂತೆ. "ನಾನ್ ಸತ್ರೆ ನಮ್ಮೋರು ನಂಗೊಂದು ಎಲೆ ಹಾಕ್ತಾರೋ ಇಲ್ವೋ" ಎನ್ನುತ್ತಿದ್ದರಂತೆ. ಆ 'ನಮ್ಮೋರು' ಯಾರೆಂದು ತಿಳಿಯದೆ ಸಾಯುವುದಿಲ್ಲ ಎಂಬುದು ಅಪ್ಪನ ಹಟ.

ನಕಲು ಹಿಡಿದು ಚಿಂತಾಮಣಿಯಲ್ಲಿರುವ ಅತ್ತೆಯ ಹತ್ತಿರ, ಅಂದರೆ ಅಪ್ಪನ ಅಕ್ಕನ ಹತ್ತಿರ ಹೋದೆ. ಅತ್ತೆ ನಕ್ಕುಬಿಟ್ಟರು.

"ಅಯ್ಯೋ ನಿನ್ ಓದಿಗಿಷ್ಟು! ನಮ್ ತಾತ ಆ ಮನೆಗೆ ಇಲ್ಲಟದ ಅಳಿಯ ಕಣೋ. ಅಣ್ಣಂದಿರ ಜೊತೆ ಜಗಳ ಆಡ್ಕೊಂಡು ಹೇಳ್ದೆ ಕೇಳ್ದೆ ಊರು ಬಿಟ್ಟು ಬಂದೋರು. ಗಂಡುಮಕ್ಳಿಲ್ದ ಮನೆ, ಮಗಳ್ನ ಕೊಟ್ಟು ಅಲ್ಲೇ ಇಟ್ಕೊಂಡ್ರು. ಮಾವ ತನ್ ಮಗ ಅಂತ್ಲೇ ಬರೆಸ್ಬಿಟ್ಟ."

"ಯಾವ ಊರಿಂದ ಬಂದ್ರು?"

"ಇಲ್ಲೇ, ಅಂಬಾಜಿದುರ್ಗದ ತಪ್ಪಲು. ಹುಣಸೇಮರದ ಮನೆಯೋರು ಅಂತಿದ್ರು."

"ಅಪ್ಪನಿಗೆ ಯಾಕೆ ಹೇಳ್ಲಿಲ್ಲ?"

"ಕೇಳಿದ್ರೆ ತಾನೇ ಹೇಳೋದು?"

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆವು. ಅಕ್ಕನನ್ನು ಕೇಳುವುದೊಂದು ಬಿಟ್ಟು ಅಪ್ಪ ನನ್ನನ್ನು ಎಲ್ಲ ಕಚೇರಿಗಳಿಗೂ ಅಲೆಸಿದ್ದರು.

ಮುಂದಿನ ಭಾನುವಾರ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಹುಣಸೇಮರ ಇರಲಿಲ್ಲ, ಮನೆಗೆ ಹೆಸರು ಮಾತ್ರ ಉಳಿದಿತ್ತು. ಆ ಮನೆಯ ಹಿರಿಯ ಸೊಸೆ, ಅಪ್ಪನಷ್ಟೇ ವಯಸ್ಸಾದವರು, ನಮ್ಮ ಕಥೆಯನ್ನೆಲ್ಲ ನಿಂತುಕೊಂಡೇ ಕೇಳಿದರು.

"ವರ್ಷಾ ವರ್ಷಾ ಹಬ್ಬಕ್ಕೆ ಹೊಸಿಲಾಚೆ ಒಂದೆಲೆ ಹಾಕ್ತೀವಪ್ಪ. ಮನೆ ಬಿಟ್ಟು ಹೋದೋರ ಎಲೆ ಅಂತ ನಮ್ಮತ್ತೆ ಹೇಳ್ಕೊಟ್ಟಿದ್ದು. ಇದ್ದಾರೋ ಇಲ್ವೋ ಗೊತ್ತಿಲ್ದೆ ಒಳಗೆ ಹೆಂಗಿಡೋದು?" ಎಂದವರು ಅಪ್ಪನ ಮುಖ ನೋಡಿದರು. "ತೀರ್ಕೊಂಡ್ರಾ?"

ಆ ತಾತ ಸತ್ತು, ಅವರ ಮಗ ಸತ್ತು, ಮೊಮ್ಮಗನೇ ಮುದುಕರಾಗಿ ಎದುರಿಗೆ ನಿಂತಿದ್ದಾರೆ. ಇದೆಂಥ ಪ್ರಶ್ನೆ ಎಂದುಕೊಂಡೆ. ಅಪ್ಪ ಮಾತ್ರ ಆಗಷ್ಟೇ ಸಾವಿನ ಸುದ್ದಿ ತಂದವರಂತೆ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿದರು.

"ಹೌದಮ್ಮ. ತೀರ್ಕೊಂಡ್ರು."

ಆಕೆ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತರು. ಅಪ್ಪನೂ ಅತ್ತರು.

"ಹಂಗಾದ್ರೆ ಈ ಸಲ ಒಳಗಿಡ್ತೀವಿ," ಎಂದು ಆಕೆ ಬಾಗಿಲಿಂದ ಪಕ್ಕಕ್ಕೆ ಸರಿದರು. "ಹೊರಗ್ಯಾಕೆ ನಿಂತ್ರಿ, ಬನ್ನಿ."