ಶುಕ್ರವಾರ ಐದೂವರೆಯ ದ್ವೀಪ

ನನ್ನ ಗಂಡನೊಂದಿಗೆ ನಾನು ಮನಸ್ಸು ಬಿಚ್ಚಿ ಮಾತಾಡಿದ್ದೆಲ್ಲ ಒಂದು ಕಂಪ್ಯೂಟರ್ ಆಟದ ಒಳಗೆ. ಇದನ್ನು ಹೇಳಿದರೆ ಕಾಲೇಜಿನಲ್ಲಿ ಜೊತೆಗಿರುವವರು ನಗುತ್ತಾರೆ, ಅದಕ್ಕೇ ಹೇಳುವುದಿಲ್ಲ. ಅವರು ಗಲ್ಫಿನಲ್ಲಿದ್ದಾರೆ. ನಾನು ಬಂಟ್ವಾಳದಲ್ಲಿ ಅತ್ತೆಯ ಜೊತೆ ಇದ್ದುಕೊಂಡು ಮೂಡುಬಿದಿರೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಫೋನಿನಲ್ಲಿ ನಮ್ಮ ಮಾತು ಹತ್ತು ನಿಮಿಷಕ್ಕೆ ಬತ್ತಿಹೋಗುತ್ತಿತ್ತು. ಊಟ ಆಯ್ತಾ, ಅಮ್ಮನ ಬಿಪಿ ಹೇಗುಂಟು, ಇಷ್ಟೇ. ಆಮೇಲೆ ಇಬ್ಬರೂ ಪರದೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಳಿತಿರುವುದು. ಆ ಮೌನಕ್ಕೆ ಹೆದರಿಯೇ ನಾವು ಆಟ ಹಿಡಿದದ್ದು.

ಆಟದಲ್ಲಿ ಒಂದು ದ್ವೀಪ. ಮರ ಕಡಿಯಬೇಕು, ಕಲ್ಲು ಒಟ್ಟು ಮಾಡಬೇಕು, ಮನೆ ಕಟ್ಟಬೇಕು, ಬೇರೆ ತಂಡದವರು ಬಂದು ಒಡೆಯದ ಹಾಗೆ ಅದನ್ನು ಕಾಯಬೇಕು. ಊರಿಗೆ ಬಂದಾಗ ಒಂದು ಬಲ್ಬು ಬದಲಿಸದ ಮನುಷ್ಯ ಅಲ್ಲಿ ಅಚ್ಚುಕಟ್ಟಾಗಿ ಮೆಟ್ಟಿಲು ಕಟ್ಟುತ್ತಿದ್ದರು. ನನ್ನದು ಕಾವಲು. ಶುಕ್ರವಾರ ಅವರಿಗೆ ರಜೆ. ಜುಮಾ ನಮಾಜು ಮುಗಿಸಿ, ಉಂಡು, ಅಲ್ಲಿಯ ಮೂರು ಗಂಟೆಗೆ ಅವರು ಕಂಪ್ಯೂಟರಿನ ಮುಂದೆ ಕೂತರೆ ಇಲ್ಲಿ ಐದೂವರೆ. ಅಷ್ಟು ಹೊತ್ತಿಗೆ ನಾನು ಮೂಡುಬಿದಿರೆಯ ಬಸ್ಸಿಳಿದು, ಅತ್ತೆಗೆ ಚಹಾ ಮಾಡಿಕೊಟ್ಟು, ಮಾತಾಡಲು ಹೆಡ್‌ಫೋನ್ ಸಿಕ್ಕಿಸಿಕೊಂಡು ಲ್ಯಾಪ್‌ಟಾಪ್ ತೆರೆದಿರುತ್ತಿದ್ದೆ. ಕೈಗೆ ಕೆಲಸವಿದ್ದಾಗ ಬಾಯಿ ತಾನಾಗಿ ಸಡಿಲವಾಗುತ್ತದೆ. ಬೆನ್ನುನೋವು, ಸೂಪರ್‌ವೈಸರ್ ಎಲ್ಲರ ಮುಂದೆ ಬೈದದ್ದು, ಇನ್ನು ಎರಡು ವರ್ಷ ಸಾಕು, ಬಂದುಬಿಡ್ತೇನೆ ಎಂಬುದು, ಇವನ್ನೆಲ್ಲ ಅವರು ಹೇಳಿದ್ದು ಗೋಡೆ ಕಟ್ಟುತ್ತಾ. ಮದುವೆಯಾಗಿ ಆರು ವರ್ಷದಲ್ಲಿ ನಾನು ಅವರನ್ನು ಕಂಡುಕೊಂಡದ್ದು ಅಲ್ಲಿಯೇ.

ನನ್ನ ಲ್ಯಾಪ್‌ಟಾಪ್ ಹಳೆಯದು. ಹೊಸ ವಿಂಡೋಸ್ ಅದಕ್ಕೆ ಹಿಡಿಸುವುದಿಲ್ಲ ಎಂದಾದಾಗ ಹೊಸತು ತೆಗೆದುಕೋ ಎಂದು ಗಂಡ ಹೇಳಿದರು. ನಾನು ಕೇಳಲಿಲ್ಲ. ಕಾಲೇಜಿನ ಲ್ಯಾಬಿಗೆಲ್ಲ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿದವಳು ನಾನು, ನನ್ನದೇ ಯಂತ್ರಕ್ಕೆ ಹಾಕಲು ಬಾರದೇ ಎಂಬ ಜಂಬ. ಆಟವನ್ನು ಮಾಡಿದ್ದು ವಿಂಡೋಸಿಗೆ. ಲಿನಕ್ಸಿನಲ್ಲಿ ಅದು ಓಡಬೇಕಾದರೆ ನಡುವೆ ಇನ್ನೊಂದು ತಂತ್ರಾಂಶ ಕೂತು, ಆಟ ಹೇಳಿದ್ದನ್ನು ಲಿನಕ್ಸಿಗೆ ಅರ್ಥವಾಗುವಂತೆ ಹೇಳುತ್ತಿರಬೇಕು. ಮೊದಲ ಸಲ ಆಟ ತೆರೆದಾಗ ಸಮುದ್ರವೆಲ್ಲ ನೇರಳೆ ಬಣ್ಣಕ್ಕೆ ತಿರುಗಿತ್ತು. ಅದನ್ನು ನೀಲಿ ಮಾಡಲು ನನಗೆ ಮೂರು ದಿನ ಹಿಡಿಯಿತು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನು ಬಿಡಲಿಲ್ಲ. ಸುಮಾರು ಒಂದು ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು.

ಒಂದು ಶುಕ್ರವಾರ ಆಟಕ್ಕೆ ಹೊಸ ಅಪ್‌ಡೇಟ್ ಬಂತು. ಕಳ್ಳಾಟ ಆಡುವವರನ್ನು ಹಿಡಿಯಲು ಅದರೊಳಗೆ ಒಂದು ಕಾವಲು ತಂತ್ರಾಂಶ ಹಾಕಿದ್ದರು. ಆ ಕಾವಲಿಗೆ ಲಿನಕ್ಸಿನ ಮೇಲೆ ನಂಬಿಕೆ ಇಲ್ಲ, ಬಾಗಿಲಲ್ಲೇ ತಡೆಯಿತು. ಆಗ ನಾನು ಗಂಡನಿಗೆ ಹೇಳಬೇಕಿತ್ತು. ಹೇಳಿದ್ದರೆ, ಅಂದೇ ಹೊಸತು ತೆಗೆದುಕೋ ಎಂದಿದ್ದೆನಲ್ಲ ಎಂಬ ಒಂದು ಮಾತು ಕೇಳಬೇಕಾಗುತ್ತಿತ್ತು, ಅಷ್ಟೇ. ಆ ಒಂದು ಮಾತು ಬೇಡವೆಂದು ಹುಡುಕಾಡಿ, ನನ್ನ ಯಂತ್ರ ವಿಂಡೋಸೇ ಎಂದು ಆ ಕಾವಲನ್ನು ನಂಬಿಸುವ ಉಪಾಯವೊಂದನ್ನು ಯಾರೋ ಬರೆದಿಟ್ಟಿದ್ದಲ್ಲಿಂದ ತಂದು ಹಾಕಿದೆ. ಸರಿಯಲ್ಲವೆಂದು ಗೊತ್ತಿತ್ತು. ಕಾಪಿ ಹೊಡೆದ ಮಕ್ಕಳಿಗೆ ಲ್ಯಾಬಿನಲ್ಲಿ ದಿನಾ ಬೈಯುವವಳು ನಾನು. ಆದರೂ ನಾನೇನು ಆಟದಲ್ಲಿ ಮೋಸ ಮಾಡುತ್ತಿಲ್ಲವಲ್ಲ, ಬರೀ ಒಳಗೆ ಹೋಗುತ್ತಿದ್ದೇನೆ ಎಂದು ಸಮಾಧಾನ ಮಾಡಿಕೊಂಡೆ.

ಎರಡು ವಾರ ಆಡಿದೆವು. ಮೂರನೆಯ ಶುಕ್ರವಾರ ಪರದೆಯ ಮೇಲೆ ಕೆಂಪು ಅಕ್ಷರ ಬಂತು. ವಂಚನೆಗಾಗಿ ಈ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಖಾತೆ ಗಂಡನ ಹೆಸರಿನದು, ಕುಟುಂಬದವಳೆಂದು ನಾನು ಅದರ ಅಡಿಯಲ್ಲಿ ಸೇರಿದ್ದೆ. ಒಬ್ಬರ ತಪ್ಪಿಗೆ ಇಬ್ಬರಿಗೂ ಶಿಕ್ಷೆ ಎಂಬ ಷರತ್ತನ್ನು ಓದದೆ ಒಪ್ಪಿಗೆ ಒತ್ತಿದವಳೂ ನಾನೇ. ಅದೇ ಕೆಂಪು ಅಕ್ಷರ ಅಲ್ಲಿ, ಐದು ಮಂದಿ ಇರುವ ರೂಮಿನಲ್ಲಿ, ಎಲ್ಲರೂ ನೋಡುತ್ತಿದ್ದಂತೆ ಬಂದಿತ್ತು. ಅಂದರೆ ಅವರ ಕಣ್ಣಿಗೆ ನನ್ನ ಗಂಡ ಕಳ್ಳಾಟದವರು.

ಆ ಐವರಲ್ಲಿ ಒಬ್ಬ ಬೆಳ್ತಂಗಡಿಯ ಕಡೆಯವನು, ನನಗಿಂತ ಎರಡು ಮೂರು ವರ್ಷ ಸಣ್ಣವನು. ಅವನಿಗೆ ಕೆಲಸದ ಪಾಳಿ ಇಲ್ಲದ ದಿನ ನನ್ನ ಗಂಡನ ಕಂಪ್ಯೂಟರಿನಲ್ಲಿ ಅವನೂ ಆಡುತ್ತಿದ್ದ. ಅವನೇ ಏನೋ ಹಾಕಿರಬೇಕು ಎಂದು ಗಂಡ ಅಂದೇ ಫೋನಿನಲ್ಲಿ ಹೇಳಿದರು. ನಾನು ಅಲ್ಲ ಎನ್ನಲಿಲ್ಲ, ಹೌದು ಎಂದೂ ಅನ್ನಲಿಲ್ಲ. ನಾಳೆ ಹೇಳುವ, ನಾಡಿದ್ದು ಹೇಳುವ ಎಂದುಕೊಂಡೇ ತಿಂಗಳು ಕಳೆಯಿತು. ಅಷ್ಟರಲ್ಲಿ ರೂಮಿನವರು ಅವನನ್ನು ಕಳ್ಳಾಟದವನೆಂದು ಕರೆಯತೊಡಗಿದ್ದರು, ಅವನು ಹಾಸಿಗೆ ಸುತ್ತಿಕೊಂಡು ಬೇರೆ ರೂಮಿಗೆ ಹೋಗಿದ್ದ. ನಾನು ಹೇಡಿ. ಇದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಆರು ತಿಂಗಳ ಮೇಲೆ ಅವನು ರಜೆಯಲ್ಲಿ ಊರಿಗೆ ಬಂದ. ನಮ್ಮ ಕಡೆಯಲ್ಲಿ ಒಂದು ರೂಢಿ ಉಂಟು. ಗಲ್ಫಿನಿಂದ ಬರುವವನು ಜೊತೆಯವರು ಮನೆಗೆ ಕಳಿಸಿದ ಕಟ್ಟುಗಳನ್ನೆಲ್ಲ ಹೊತ್ತು ತಂದು ಮನೆಮನೆಗೆ ಮುಟ್ಟಿಸಬೇಕು. ನನ್ನ ಗಂಡ ಅವನ ಕೈಯಲ್ಲಿ ಏನನ್ನೂ ಕಳಿಸಿರಲಿಲ್ಲ, ಮಾತೇ ಇರಲಿಲ್ಲವಲ್ಲ. ಆದರೂ ಅವನು ಬಂಟ್ವಾಳಕ್ಕೆ ಬಂದ. ಖರ್ಜೂರ, ಹಾಲಿನ ಪುಡಿ, ಮಂಡಿನೋವಿಗೆ ಹಚ್ಚುವ ಮುಲಾಮು, ಎಲ್ಲವನ್ನೂ ತಾನೇ ಕೊಂಡು ತಂದಿದ್ದ. ಮಗ ಕಳಿಸಿದ್ದೆಂದು ಅತ್ತೆ ಮುಲಾಮಿನ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡರು. ಅವನು ಹೌದೆಂಬಂತೆ ನಕ್ಕ. ಹೊರಡುವಾಗ ಗೇಟಿನ ಹತ್ತಿರ ನಿಂತು ತುಳುವಿನಲ್ಲಿ ಮೆಲ್ಲಗೆ ಹೇಳಿದ.

"ಅಕ್ಕ, ನೀವು ಭಾಯಿಗೆ ಒಂದು ಮಾತು ಹೇಳ್ಬೇಕು. ನಾನು ಅವರ ಕಂಪ್ಯೂಟರಿಗೆ ಏನೂ ಹಾಕ್ಲಿಲ್ಲ."

ಹೇಳ್ತೇನೆ ಎಂದೆ. ಅವನು ನಂಬಿಕೊಂಡು ಹೋದ.

ಆ ಶುಕ್ರವಾರ ವಿಡಿಯೋ ಕಾಲಿನಲ್ಲಿ ಗಂಡನಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಎದ್ದು ಹೋಗಿ ರೂಮಿನ ಬಾಗಿಲು ಹಾಕಿ ಬಂದರು.

"ನಂಗೆ ಗೊತ್ತುಂಟು," ಎಂದರು. "ಮರುದಿನವೇ ಮೇಲ್ ಬಂದಿತ್ತು. ಯಾವ ಕಂಪ್ಯೂಟರಿಂದ ಅಂತ ಅದ್ರಲ್ಲಿ ಬರ್ದಿತ್ತು."

ಹಾಗಾದರೆ ಅವನ ಮೇಲೆ ಯಾಕೆ ಹಾಕಿದಿರಿ ಎಂದು ಕೇಳಿದೆ. ಮೊದಲು ಅವನೇ ಎಂದುಕೊಂಡಿದ್ದರಂತೆ. ಮೇಲ್ ನೋಡುವಷ್ಟರಲ್ಲಿ ಮಾತು ರೂಮಿನ ತುಂಬ ಹರಡಿತ್ತಂತೆ. ಅಷ್ಟು ಗಂಡಸರ ನಡುವೆ ಹೆಂಡತಿಯ ಹೆಸರು ನಗೆಗೆ ಸಿಗುವುದು ಬೇಡವೆಂದು ಹಾಗೇ ಬಿಟ್ಟರಂತೆ. ನಿಜ ಹೇಳಬೇಕೆಂದರೆ ಒಂದು ಕ್ಷಣ ನನಗೆ ಸಂತೋಷವಾಯಿತು. ನನಗಾಗಿ ಇಷ್ಟು ಮಾಡಿದರಲ್ಲ ಎಂದು ಎದೆ ತುಂಬಿ ಬಂತು. ಮರುಕ್ಷಣ ಹೇಸಿಗೆಯಾಯಿತು. ಆರು ತಿಂಗಳು ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಒಂದೇ ಸುಳ್ಳನ್ನು ಸಾಕಿದ್ದೆವು, ಅದಕ್ಕೆ ತನ್ನ ಪಾಲಿನ ಅನ್ನ ಹಾಕಿದವನು ಮೂರನೆಯವನು.

ರೂಮಿನವರಿಗೆ ಈಗಲಾದರೂ ಹೇಳಿ ಎಂದೆ. ಅವರು ತಲೆ ಅಲ್ಲಾಡಿಸಿದರು.

"ಇಷ್ಟು ದಿನ ಆದ್ಮೇಲೆ ಹೇಳಿದ್ರೆ ನಾನು ಇಲ್ಲಿ ಹೇಗೆ ಇರುವುದು? ನೀನೂ ಹೇಳ್ಬೇಡ."

ರಜೆ ಮುಗಿಸಿ ಹೊರಡುವವನ ಮನೆಗೆ ನಾವು ಕಟ್ಟು ಕೊಂಡುಹೋಗುವುದೂ ಅದೇ ರೂಢಿಯ ಇನ್ನೊಂದು ಅರ್ಧ. ಅತ್ತೆ ಮಿಡಿ ಉಪ್ಪಿನಕಾಯಿ, ಮೀನಿನ ಮಸಾಲೆ ಹುಡಿ, ಹಪ್ಪಳ ಕಟ್ಟಿದರು. ಭಾನುವಾರ ಇಬ್ಬರೂ ಬೆಳ್ತಂಗಡಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ಆ ಹುಡುಗ ಎಷ್ಟು ಒಳ್ಳೆಯವನು ಎಂದು ಹೊಗಳುತ್ತಿದ್ದರು. ನಾನು ಹೂಂಗುಡುತ್ತಿದ್ದೆ.

ಅವನ ಮನೆಯ ಚಾವಡಿಯಲ್ಲಿ ಊರವರು ತಂದುಕೊಟ್ಟ ಕಟ್ಟುಗಳ ರಾಶಿಯೇ ಇತ್ತು. ವಿಮಾನದವರು ಬಿಡುವ ತೂಕ ಮೀರಬಾರದಲ್ಲ, ಒಂದೊಂದನ್ನೇ ತೂಗುಕೊಕ್ಕೆಗೆ ಸಿಕ್ಕಿಸಿ ತೂಕ ನೋಡಿ, ತನ್ನ ಎರಡು ಅಂಗಿ ಹೊರಗೆ ತೆಗೆದು ನಮ್ಮ ಉಪ್ಪಿನಕಾಯಿಗೆ ಜಾಗ ಮಾಡಿದ. ಅವನ ತಾಯಿ ಒಣಹಾಕಿದ ರಬ್ಬರ್ ಶೀಟು ತೋರಿಸುತ್ತೇನೆಂದು ಅತ್ತೆಯನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ನನಗೆ ಸಿಕ್ಕಿದ್ದು ಅಷ್ಟೇ ಹೊತ್ತು.

ಅದು ನಾನು ಮಾಡಿದ್ದು ಎಂದೆ. ಲಿನಕ್ಸು, ಅಪ್‌ಡೇಟು, ನಂಬಿಸಿದ್ದು, ಎಲ್ಲವನ್ನೂ ಹೇಳಿದೆ. ಉಪ್ಪಿನಕಾಯಿ ಭರಣಿಗೆ ಟೇಪು ಸುತ್ತುತ್ತಿದ್ದ ಅವನ ಕೈ ನಿಂತಿತು. ಆಮೇಲೆ ಮತ್ತೆ ಸುತ್ತತೊಡಗಿದ.

"ನಾನೇ ಏನಾದ್ರೂ ತಪ್ಪಿ ಒತ್ತಿದ್ದೇನಾ ಅಂತ ಆರು ತಿಂಗಳು ಯೋಚನೆ ಮಾಡಿದ್ದೇನೆ ಅಕ್ಕ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಭಾಯಿಗೆ ಗೊತ್ತುಂಟಾ ಎಂದು ಕೇಳಿದ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಹೌದೆಂದು ತಲೆಯಾಡಿಸಿದೆ. ಅವನು ಟೇಪನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿ, ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದ.

"ಹಾಗಾದ್ರೆ ನಂಗೆ ಗೊತ್ತಾದ್ದು ಅವ್ರಿಗೆ ಗೊತ್ತಾಗುವುದು ಬೇಡ. ನನ್ನ ವೀಸಾ ಮಾಡಿಸಿ ಕೊಟ್ಟದ್ದು ಅವ್ರೇ. ನಾನು ಪುನಃ ಅಲ್ಲಿಗೇ ಹೋಗ್ಬೇಕಲ್ಲ."

ಅತ್ತೆ ಹಿತ್ತಿಲಿನಿಂದ ಬಂದರು. ಅವನ ತಾಯಿ ನಮ್ಮಿಬ್ಬರಿಗೂ ಶರಬತ್ತು ಕೊಟ್ಟರು. ನಾನು ಕುಡಿದೆ. ಹಿಂದಿರುಗುವಾಗ ಬಸ್ಸಿನಲ್ಲಿ ಅಳು ಬಂತು, ತಲೆನೋವೆಂದು ಶಾಲನ್ನು ಮುಖಕ್ಕೆ ಎಳೆದುಕೊಂಡೆ.

ಮುಂದಿನ ಶುಕ್ರವಾರ ಗಂಡನ ವಿಡಿಯೋ ಕಾಲ್ ಬಂತು. ಕಟ್ಟು ಮುಟ್ಟಿತ್ತು, ಉಪ್ಪಿನಕಾಯಿಯನ್ನು ರೂಮಿನವರೆಲ್ಲ ಹಂಚಿಕೊಂಡಿದ್ದರು. ಅತ್ತೆಯ ಹತ್ತಿರ ಮಾತಾಡಿ ಮುಗಿಸಿ, ಫೋನು ನನ್ನ ಕೈಗೆ ಬಂದ ಮೇಲೆ, ಅವನಿಗೆ ಏನಾದರೂ ಹೇಳಿದೆಯಾ ಎಂದು ಕೇಳಿದರು.

ಇಲ್ಲ ಎಂದೆ.

ಅವರ ಮುಖ ಸಡಿಲವಾಯಿತು. ಎಷ್ಟೋ ತಿಂಗಳ ಮೇಲೆ ಅವರು ಹಾಗೆ ಹಗುರಾಗಿ ನಕ್ಕದ್ದನ್ನು ನೋಡಿದೆ.

"ಅವ ನಿನ್ನೆ ಅವನಾಗಿಯೇ ಬಂದು ಮಾತಾಡ್ಸಿದ," ಎಂದರು. "ಪಾಪದವ ಮಾರಾಯ್ತಿ, ಎಲ್ಲ ಮರ್ತಿದ್ದಾನೆ."

ಒಳ್ಳೆಯದಾಯಿತು ಎಂದೆ ನಾನು.