ಕಾಂತಮ್ಮನ ಕೊಸರು

ಬೆಳಿಗ್ಗೆ ಆರೂವರೆ. ಹಾರನಹಳ್ಳಿ ಕಡೆಯಿಂದ ಬಂದ ಮೊದಲ ಬಸ್ಸಿಳಿದು ಕಾಂತಮ್ಮ ಅರಸೀಕೆರೆಯ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಬೀಗ ತೆಗೆಯುತ್ತಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಡಿಸ್ಟಿಲ್ಡ್ ನೀರಿನ ಯಂತ್ರದ ಸ್ವಿಚ್ ಹಾಕಿ, ನೇರ ಕಿಟಕಿಯ ಬಳಿ ಹೋಗುತ್ತಾರೆ. ಅಲ್ಲಿ ನಿನ್ನೆಯ ಟೆಸ್ಟ್ ಟ್ಯೂಬುಗಳು ಸಾಲಾಗಿ ನಿಂತಿವೆ. ಒಂದೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು, ತಳ ನೋಡುತ್ತಾರೆ. ತೊಳೆಯುವುದು ಆಮೇಲೆ.

"ಅವತ್ತಿಂದು ಅವತ್ತೇ ಚೆಲ್ಲಬಾರ್ದು ಕಣ್ರೀ. ರಾತ್ರಿ ಕಳೆದ್ಮೇಲೆ ಏನಾಗೈತೆ ಅಂತ ಒಂದ್ಸಲ ನೋಡ್ಬೇಕು," ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿನಿ ಮರುದಿನ ನೋಡಲೆಂದು ಇಟ್ಟಿದ್ದ ಟ್ಯೂಬನ್ನು ಸಂಜೆಯೇ ತೊಳೆದಿಟ್ಟಿದ್ದರಂತೆ. ಆ ಹುಡುಗಿ ಅತ್ತಳೇ ಹೊರತು ಬೈಯಲಿಲ್ಲ. ಬೈಯದೆ ಹೋದದ್ದೇ ಇಪ್ಪತ್ತಾರು ವರ್ಷದಿಂದ ಅವರ ನೆನಪಿನಲ್ಲಿ ಉಳಿದಿದೆ.

ಕಾಂತಮ್ಮನಿಗೆ ಈಗ ಐವತ್ತೆಂಟು. ದಿನಕ್ಕೆ ಹನ್ನೆರಡು ಲೀಟರ್ ಡಿಸ್ಟಿಲ್ಡ್ ನೀರು, ನೂರೈವತ್ತಕ್ಕೆ ಕಡಿಮೆಯಿಲ್ಲದಷ್ಟು ಟ್ಯೂಬು. ಸೋಡಾಪುಡಿಗೆ ಬೆರಳ ತುದಿಗಳು ಬಿರಿದಿವೆ. ಚಳಿಗಾಲದಲ್ಲಿ ಮಕ್ಕಳ ಕೈ ಮರಗಟ್ಟದಿರಲೆಂದು ಸಿಂಕಿನ ಪಕ್ಕ ಒಂದು ಪಾತ್ರೆ ಬಿಸಿನೀರು ಇಡುತ್ತಾರೆ. ಯಾರೂ ಕೇಳಿದ್ದಲ್ಲ.

ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಅಧ್ಯಾಪಕಿಯಾಗಿ ಬಂದ ಹಿತಾ ಅವರದು ತೆಂಗಿನ ಸುಳಿಕೊಳೆ ರೋಗದ ಔಷಧವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಲ್ಲಿ ತುಂಬುವ ಸಂಶೋಧನೆ. ಸಿಗಡಿ ಚಿಪ್ಪಿನಿಂದ ತೆಗೆದ ಒಂದು ಪಾಲಿಮರ್, ಕಡಲ ಪಾಚಿಯಿಂದ ತೆಗೆದ ಇನ್ನೊಂದು. ಬ್ಯಾಟರಿಯ ಎರಡು ತುದಿಗಳ ಹಾಗೆ ಚಿಪ್ಪಿನದರ ಮೈಯಲ್ಲಿ ಪ್ಲಸ್, ಪಾಚಿಯದರಲ್ಲಿ ಮೈನಸ್. ನೀರಿನಲ್ಲಿ ಸೇರಿಸಿದರೆ ಸಾಕು, ಒಂದನ್ನೊಂದು ಸೆಳೆದು ತಾವೇ ಉಂಡೆ ಕಟ್ಟುತ್ತವೆ. ಆದರೆ ಪ್ಲಸ್ಸೂ ಮೈನಸ್ಸೂ ಸರಿಸಮವಾದರೆ ಕೆಟ್ಟಿತು. ಉಂಡೆಗಳು ಒಂದನ್ನೊಂದು ದೂರ ತಳ್ಳಲಾರದೆ ಅಂಟಿಕೊಂಡು, ಒಡೆದ ಹಾಲಿನಂತೆ ತಳ ಸೇರುತ್ತವೆ. ಒಂದು ಕಡೆಯದು ತುಸು ಹೆಚ್ಚಿರಬೇಕು.

ಹಿತಾ ಅವರ ಲೆಕ್ಕದಲ್ಲಿ ಪ್ಲಸ್ ಹೆಚ್ಚೇ ಇತ್ತು. ಆದರೂ ಬೆಳಗಾಗುವಷ್ಟರಲ್ಲಿ ಎಲ್ಲವೂ ತಳದಲ್ಲಿ. ಯೋಜನೆಗೆ ಹಣ ಕೊಡುವ ಮೈಸೂರಿನ ಸಂಸ್ಥೆಗೆ ಪರೀಕ್ಷೆಗೆಂದು ಎರಡು ಬಾರಿ ಕಳಿಸಿದ ಮಾದರಿಗಳೂ ಹಾಗೇ ಕೆಟ್ಟವು. ಮೂರನೆಯದೂ ಕೆಟ್ಟರೆ ಯೋಜನೆಯೇ ಮುಚ್ಚಿಹೋಗುತ್ತಿತ್ತು.

ಕಳಿಸಲು ನಾಲ್ಕೇ ದಿನ ಉಳಿದಿದ್ದಾಗ, ಹಿತಾ ಹನ್ನೆರಡು ಟ್ಯೂಬುಗಳಲ್ಲಿ ಒಂಬತ್ತನ್ನು ಮುಗಿಸುವಷ್ಟರಲ್ಲಿ ಕಾಲೇಜಿನ ಪರೀಕ್ಷಾ ಕೆಲಸಕ್ಕೆ ಕರೆ ಬಂತು. ಉಳಿದ ಮೂರಕ್ಕೆ ಮೈನಸ್ ದ್ರಾವಣ ಅಳೆದಿಟ್ಟಾಗಿತ್ತು. ಪ್ಲಸ್ ದ್ರಾವಣವನ್ನು ಗೆರೆಯವರೆಗೆ ಅಳೆದು, ಅದಕ್ಕೆ ಇದನ್ನು ಹನಿಹನಿಯಾಗಿ ಬಿಡಿ ಎಂದು ಕಾಂತಮ್ಮನಿಗೆ ಹೇಳಿ ಹೋದರು.

ಮರುದಿನ ಮುಂಜಾನೆ ಒಂಬತ್ತು ಟ್ಯೂಬುಗಳ ತಳದಲ್ಲಿ ಬಿಳಿ ಗಸಿ. ಮೂರರಲ್ಲಿ ಮಾತ್ರ ಏನೂ ಇಲ್ಲ. ನೀರಿಗೆ ಒಂದು ಹನಿ ಹಾಲು ಬಿದ್ದಂಥ ತೆಳುನೀಲಿ ಬಣ್ಣ. ಮೇಡಂ ಮಾಡಿದ ಒಂಬತ್ತರಂತೆ ತಮ್ಮ ಮೂರು ಇಲ್ಲವೆಂದು ಕಂಡಾಗ ಕಾಂತಮ್ಮನಿಗೆ ಹಿಂದಿನ ಸಂಜೆ ತಮ್ಮ ಕೈ ಗೆರೆ ದಾಟಿದ್ದು ನೆನಪಾಯಿತು. ತೊಳೆದಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತೊಳೆಯಲಿಲ್ಲ. ಹಿತಾ ಬರುವವರೆಗೂ ನಿಂತೇ ಕಾದರು.

"ಮೇಡಂ, ಈ ಮೂರು ನಾನು ಕೆಡಿಸಿದ್ದು. ಗೆರೆ ದಾಟಿಸ್ಬಿಟ್ಟೆ."

ಹಿತಾ ಟ್ಯೂಬನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಷ್ಟು ದಾಟಿಸಿದಿರಿ ಎಂದು ಮೆಲ್ಲಗೆ ಕೇಳಿದರು.

"ಅಳತೆ ಗೊತ್ತಿಲ್ಲ ಮೇಡಂ. ಕೊಸರು ಹಾಕ್ದೆ, ಅಷ್ಟೆ. ನಮ್ಮಪ್ಪನ ಕೈ ಇದು, ಗೆರೆಗೆ ನಿಲ್ಲಲ್ಲ."

ಅಪ್ಪ ಕಲ್ಲೇಶಪ್ಪನವರದು ಇದೇ ಊರಿನಲ್ಲಿ ಕೊಬ್ಬರಿ ಅಂಗಡಿ. ತಕ್ಕಡಿ ಸಮನಾಗಿ ನಿಂತ ಮೇಲೂ ಎರಡು ಗಿಟುಕು ಕೊಬ್ಬರಿಯನ್ನು ಕೊಸರೆಂದು ಮೇಲೆ ಹಾಕದೆ ಯಾರನ್ನೂ ಕಳಿಸಿದವರಲ್ಲ. ಚಿಕ್ಕಂದಿನಲ್ಲಿ ಆ ಕೊಸರು ಹಾಕುವ ಕೆಲಸ ಮಗಳದಾಗಿತ್ತು.

ಹಿತಾ ಸಿಟ್ಟಾಗಲಿಲ್ಲ. ತಮ್ಮ ಸ್ಟೂಲನ್ನೇ ಎಳೆದು ಕಾಂತಮ್ಮನನ್ನು ಕೂರಿಸಿದರು. "ನಿನ್ನೆ ಹಾಕಿದ ಹಾಗೇ ಹಾಕ್ತಾ ಹೋಗಿ. ನಾನು ಅಳೀತೀನಿ," ಎಂದರು. ಹತ್ತು ಸಲ ಹಾಕಿಸಿ, ಹತ್ತು ಸಲವೂ ಬರೆದುಕೊಂಡರು. ಕೈ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ನಿಲ್ಲುತ್ತಿತ್ತು.

ಚಿಪ್ಪಿನ ಪುಡಿಯನ್ನು ಪರೀಕ್ಷಿಸಿದಾಗ ವಿಷಯ ತಿಳಿಯಿತು. ಡಬ್ಬಿಯ ಚೀಟಿಯಲ್ಲಿ ಬರೆದಷ್ಟು ಪ್ಲಸ್ ಆ ಪುಡಿಯಲ್ಲಿ ಇರಲೇ ಇಲ್ಲ. ಕಾಗದದ ಮೇಲೆ ಹೆಚ್ಚಿದ್ದದ್ದು ಟ್ಯೂಬಿನಲ್ಲಿ ಸರಿಸಮವಾಗುತ್ತಿತ್ತು. ಕಾಂತಮ್ಮನ ಕೊಸರು ಬಿದ್ದಾಗ ಮಾತ್ರ ಉಂಡೆಗಳ ಮೈಮೇಲೆ ಪ್ಲಸ್ ಉಳಿದು, ಅವು ಒಂದನ್ನೊಂದು ತಳ್ಳಿ ತೇಲುತ್ತಿದ್ದವು. ಅರ್ಧ ಕೊಸರು, ಎರಡರಷ್ಟು, ನಾಲ್ಕರಷ್ಟು ಎಲ್ಲವನ್ನೂ ಇಬ್ಬರೂ ಹಾಕಿ ನೋಡಿದರು. ಅರ್ಧಕ್ಕೆ ತಳ ಹಿಡಿಯಿತು. ಎರಡರಷ್ಟೋ ನಾಲ್ಕರಷ್ಟೋ ಆದರೆ ಹೆಚ್ಚಾದದ್ದು ಉಂಡೆಗೆ ಸೇರದೆ ನೀರಿನಲ್ಲಿ ಸುಮ್ಮನೆ ಉಳಿಯಿತು. ಒಂದು ಕೊಸರೇ ಸರಿ.

ಆ ಅಳತೆಯ ಮಾದರಿಯೇ ಮೈಸೂರಿಗೆ ಹೋಯಿತು. ಅರವತ್ತು ದಿನವಾದರೂ ಗಸಿ ಇಲ್ಲ, ಯೋಜನೆ ಮುಂದುವರಿಯಲಿ ಎಂದು ಪತ್ರ ಬಂತು. ಹಿತಾ ಅದನ್ನು ತರಗತಿಯಲ್ಲಿ ಓದಿದಾಗ ಮಕ್ಕಳೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು. ಕಾಂತಮ್ಮ, ನೀರಿನ ಕ್ಯಾನು ತುಂಬಿ ಹರಿಯುತ್ತದೆಂದು ಹೊರಗೆ ಓಡಿದರು. ಲ್ಯಾಬಿನ ಪುಸ್ತಕದಲ್ಲಿ ಈಗ ಆ ಅಳತೆಯ ಪಕ್ಕ ಹಿತಾ ಅವರ ಕೈಬರಹದಲ್ಲಿ 'ಕಾಂತಮ್ಮನ ಕೊಸರು' ಎಂದಿದೆ.

ಇನ್ನೆರಡು ವರ್ಷಕ್ಕೆ ಅವರ ನಿವೃತ್ತಿ. ಏನಾದರೂ ಆಸೆ ಇದೆಯೇ ಎಂದರೆ ಟ್ಯೂಬು ಒರೆಸುತ್ತಲೇ ಹೇಳುತ್ತಾರೆ: "ನನ್ನ ಜಾಗಕ್ಕೆ ಬರೋರು ಬೆಳಿಗ್ಗೆ ತಂಕ ಟ್ಯೂಬು ಇಟ್ಕೊಂಡಿದ್ರೆ ಸಾಕು."

ಆಮೇಲೆ ಕಿಟಕಿಯ ಮೂಲೆಯಿಂದ, ಅಂದು ತಾವು 'ಕೆಡಿಸಿದ' ಮೂರರಲ್ಲಿ ಒಂದನ್ನು ಎತ್ತಿ ಬಿಸಿಲಿಗೆ ಹಿಡಿಯುತ್ತಾರೆ. ಅದಕ್ಕೆ ಇಂದು ತೊಂಬತ್ತನಾಲ್ಕನೆಯ ದಿನ.

"ತಳ ನೋಡಿ," ಎನ್ನುತ್ತಾರೆ. "ಏನೂ ಇಲ್ಲ."