ದೊಡ್ಡಮ್ಮ ಬಾಗಿಲು ಹಾಕಿದ ಮಧ್ಯಾಹ್ನ

ಮೊನ್ನೆ ಮಧುಗಿರಿಯಲ್ಲಿ, ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ, ರೋಗಿಯೊಬ್ಬರು ಮೇಜಿನ ಮೇಲೆ ಚೀಲವಿಟ್ಟರು. ಹೊಸ ಹುಣಸೆಹಣ್ಣಿನ ವಾಸನೆ ಬಂತು. ಹುಳಿ, ಸಿಹಿ, ಸ್ವಲ್ಪ ಧೂಳು ಬೆರೆತ ವಾಸನೆ. ಬರೆಯುತ್ತಿದ್ದ ಪೆನ್ನು ನಿಂತಿತು. ಚನ್ನರಾಯನದುರ್ಗದ ಹತ್ತಿರದ ಆ ಹಳ್ಳಿ, ಆ ಜಗಲಿ, ಅಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದ ದೊಡ್ಡಮ್ಮ...

ಅವರು ನನಗೆ ನೆಂಟರಲ್ಲ. ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್‌ಗೆ ಹೋದಾಗ ನಾನು ಬಾಡಿಗೆಗಿದ್ದ ಕೋಣೆಯ ಒಡತಿ. ನನ್ನ ಜೊತೆಯವರೆಲ್ಲ ಕಾಲೇಜಿಗೆ ಹತ್ತಿರದ ಜಾಗಗಳನ್ನು ಕೇಳಿಕೊಂಡಿದ್ದರು. ಎಲ್ಲರೂ ಬೇಡವೆಂದಿದ್ದ ಆ ಹಳ್ಳಿಯ ಆರೋಗ್ಯ ಕೇಂದ್ರವನ್ನು ನಾನು ಆರಿಸಿಕೊಂಡೆ. ಸೇವೆಯ ಹಂಬಲವೇನೂ ಇರಲಿಲ್ಲ. ಆ ವರ್ಷವೇ ಅಮ್ಮ ತೀರಿಕೊಂಡಿದ್ದಳು. ಸಮಾಧಾನ ಹೇಳುವವರಿಲ್ಲದ ಒಂದು ಜಾಗ ಸಿಕ್ಕಿದರೆ ಸಾಕಾಗಿತ್ತು.

ಬಂದ ದಿನವೇ ಅವರು ಕೇಳಿದ್ದರು, “ಪಟ್ಟಣ ಬುಟ್ಟು ಇಲ್ಲಿಗ್ಯಾಕ್ ಬಂದ್ಬುಟ್ಟೆ ಡಾಕ್ಟ್ರಮ್ಮ?”

“ಸುಮ್ನೆ,” ಅಂದೆ.

ಮತ್ತೆ ಕೇಳಲಿಲ್ಲ. ಮುದ್ದೆ, ಹುರುಳಿಕಾಳಿನ ಸಾರು ತಂದಿಟ್ಟರು. ಬಾಯಿಗೆ ರುಚಿ ಗೊತ್ತಾಗದ ದಿನಗಳವು. ತಟ್ಟೆ ಖಾಲಿಯಾಗುವವರೆಗೂ ಹೊಸ್ತಿಲಲ್ಲಿ ಕೂತೇ ಇರುತ್ತಿದ್ದರು, ಅದಕ್ಕಾಗಿ ಉಣ್ಣುತ್ತಿದ್ದೆ. ಅವರನ್ನು ಅಮ್ಮ ಎನ್ನಲು ಬಾಯಿ ಬರಲಿಲ್ಲ. ದೊಡ್ಡಮ್ಮ ಎಂದೆ.

ಬೇಸಿಗೆ ಶುರುವಾಗಿತ್ತು. ಒಂದು ಮಧ್ಯಾಹ್ನ ಹುಣಸೆಹಣ್ಣು ಕುಟ್ಟುತ್ತಿದ್ದವರು ಸುತ್ತಿಗೆಯನ್ನು ಎಡಗೈಗೆ ತೆಗೆದುಕೊಂಡರು. ಬಲಗೈ ಭುಜದವರೆಗೂ ಊದಿತ್ತು.

“ಕುಟ್ಟಿ ಕುಟ್ಟಿ ಇಂಗಾಗೈತೆ, ಬುಡು,” ಅಂದರು.

ಕಂಕುಳು ಮುಟ್ಟಿ ನೋಡಲು ಕೈ ಚಾಚಿದೆ. ಅವರು ಎದ್ದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದರು. ಆಮೇಲೆ ಸೆರಗು ಸರಿಸಿದರು. ಬಲಗಡೆಯ ಮೊಲೆಯಲ್ಲಿ ಕಲ್ಲಿನಂಥ ಗಂಟು. ಮೇಲಿನ ಚರ್ಮ ಒಡೆದಿತ್ತು. ಅರಿಶಿನ ಮೆತ್ತಿದ್ದರು.

“ಯಾವಾಗಿಂದ ದೊಡ್ಡಮ್ಮ?”

“ಹೋದ್ ಸಲಿ ರಾಗಿ ಕುಯ್ಯೋವಾಗ ಸಣ್ಣಕಿತ್ತು. ನಮ್ಮನೆಯವ್ರಿಗೂ ಹೇಳಿಲ್ಲ. ಆಸ್ಪತ್ರೇಲಿ ಗಂಡ್ ಡಾಕ್ಟ್ರು, ಅವ್ರ ಮುಂದೆ ಹೆಂಗ್ ತೋರ್ಸಾದು? ನೀನ್ ಬಂದ್ಮೇಲೆ ದಿನಾ ಹೇಳಾಣ ಅನ್ಕಳಾದು... ನೀನೇ ದುಃಖ್ದಾಗಿದ್ದೆ ಕಣಮ್ಮ.”

ನಾನು ಅವರಿಗೆ ಅಮ್ಮನ ವಿಷಯ ಹೇಳಿಯೇ ಇರಲಿಲ್ಲ.

ಮೊದಲು ತುಮಕೂರು, ಅಲ್ಲಿಂದ ಬೆಂಗಳೂರು. ಅಲ್ಲಿ ನೋಡಿದವರೂ ಗಂಡಸರೇ. ನಾನು ಪಕ್ಕದಲ್ಲೇ ನಿಂತಿದ್ದೆ. ದೊಡ್ಡಮ್ಮ ಗೋಡೆಯ ಕಡೆ ಮುಖ ತಿರುಗಿಸಿ ನನ್ನ ಕೈ ಹಿಡಿದಿದ್ದರು. ಕಾಯಿಲೆ ಶ್ವಾಸಕೋಶಕ್ಕೂ ಹರಡಿದೆ ಎಂದರು ಡಾಕ್ಟರು. ತರಗತಿಯಲ್ಲಿ ಪಾಠ ಕೇಳಿದ ಹಾಗೆ ಕೇಳಿಸಿಕೊಂಡೆ.

“ಏನಂದ್ರು?” ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದರು.

“ತಡ ಆಗಿದೆ ಅಂದ್ರು. ಔಷಧಿ ಕೊಡ್ತಾರಂತೆ, ನೋವು ಕಮ್ಮಿ ಆಗುತ್ತೆ.”

“ಊಂ,” ಅಂದು ಕಿಟಕಿಯಾಚೆ ನೋಡಿದರು.

ಕೆಲವು ದಿನಗಳ ಮೇಲೆ ಪಕ್ಕದ ಬೀದಿಯ ಹೆಂಗಸೊಬ್ಬಳನ್ನು ರಟ್ಟೆ ಹಿಡಿದು ನನ್ನ ಕೋಣೆಗೆ ಎಳೆದುಕೊಂಡು ಬಂದರು. “ನಾಚ್ಕಬ್ಯಾಡ ಕಣೇ. ನಾಚ್ಕಂಡು ನಾನ್ ಇಂಗಾದೆ,” ಎಂದು ಗದರಿದರು. ಆಕೆಯ ಎದೆಯಲ್ಲೂ ಗಂಟಿತ್ತು, ಸಣ್ಣದು. ಸಕಾಲಕ್ಕೆ ಆಪರೇಷನ್ ಆಯಿತು. ಈಗಲೂ ಚೆನ್ನಾಗಿದ್ದಾಳೆ. ಆಮೇಲೆ ಒಬ್ಬೊಬ್ಬರಾಗಿ ಬೇರೆ ಹೆಂಗಸರೂ ಬಂದರು. ಎಷ್ಟೋ ಸಂಕಟಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದವರು. ದೊಡ್ಡಮ್ಮ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಹೊರಗೆ ಕೂರುತ್ತಿದ್ದರು. ಗಂಡಸರು ಸುಳಿದರೆ “ಆಮ್ಯಾಕ್ ಬರ್ರಪ್ಪೋ” ಎಂಬ ಕೂಗು. ಕೂಗಿದ ಮೇಲೆ ಕೆಮ್ಮು. ಅದು ದಿನದಿನಕ್ಕೆ ಉದ್ದವಾಗುತ್ತಿತ್ತು... ಹಳ್ಳಿಯ ಅವಧಿ ಮುಗಿದಾಗ ನಾನು ಕಾಲೇಜಿನಲ್ಲಿ ಕೇಳಿಕೊಂಡು ಅದನ್ನು ಮುಂದುವರಿಸಿಕೊಂಡೆ. ಈ ಸಲ ಯಾರಾದರೂ ಯಾಕೆಂದು ಕೇಳಿದ್ದರೆ ಸುಮ್ನೆ ಅನ್ನುತ್ತಿರಲಿಲ್ಲ.

ಒಂದು ಬೆಳಿಗ್ಗೆ ದೊಡ್ಡಮ್ಮನ ಯಜಮಾನರು ಬಂದು ಕರೆದರು. ನಾಡಿ ಹಿಡಿದೆ. ಕಣ್ಣಿಗೆ ಟಾರ್ಚ್ ಬಿಟ್ಟೆ. ಹೇಳಬೇಕಾದ್ದನ್ನು ಹೇಳಿದೆ. ಮಣ್ಣು ಮಾಡಿ ಬಂದ ಮೇಲೆ ಸ್ನಾನ ಮಾಡಿ ಆಸ್ಪತ್ರೆಗೆ ಹೋಗಿ ಕಾದಿದ್ದವರನ್ನು ನೋಡಿದೆ. ಕೆಮ್ಮು, ಜ್ವರ, ಹೊಟ್ಟೆನೋವು. ಅಳು ಬರಲಿಲ್ಲ. ಅಮ್ಮ ಹೋದಾಗಲೂ ಬಂದಿರಲಿಲ್ಲ.

ಈ ಭಾನುವಾರ ಕೊರಟಗೆರೆ ಬಸ್ಸು ಹತ್ತಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಆ ಊರಿಗೆ ಹೋದೆ. ಯಜಮಾನರು ಜಗಲಿಯಲ್ಲಿದ್ದರು. “ಬಾಮ್ಮ, ಕುಂತ್ಕ,” ಎಂದು ನೀರು ತಂದುಕೊಟ್ಟರು. ಮಳೆ, ಬೆಳೆ, ಮಧುಗಿರಿಯ ರಸ್ತೆ, ಎಲ್ಲ ಮಾತಾಡಿ ಮುಗಿಯಿತು.

ಆಮೇಲೆ ನೆಲ ನೋಡುತ್ತಾ ಹೇಳಿದರು, “ಹೋಗೋ ಮುಂಚೆ ನನ್ ಕರ್ದು ಹೇಳಿದ್ಲು. ‘ಡಾಕ್ಟ್ರಮ್ಮಂಗೆ ಯಾರೂ ಇಲ್ಲ, ಆಗಾಗ ವಿಚಾರುಸ್ಕ’ ಅಂತ. ಅದೆಂಗ್ ವಿಚಾರುಸ್ಕಾಬೇಕು ಅಂತ್ಲೇ ನಂಗ್ ಗೊತ್ತಾಗಲ್ಲ ಕಣಮ್ಮ.”

ದೊಡ್ಡಮ್ಮ ಇಲ್ಲ ಎಂಬುದು ಆಗಲೇ, ಇಷ್ಟು ವರ್ಷದ ಮೇಲೆ, ನನಗೆ ತಟ್ಟಿದ್ದು. ಊರಾಚೆ ನಾನು ವಾಪಸು ಹೋಗಬೇಕಿದ್ದ ಬಸ್ಸಿನ ಹಾರ್ನ್ ಕೇಳಿತು. ಅವರು ನನ್ನ ಮುಖ ನೋಡಿದರು.

ನಾನು ಏಳಲಿಲ್ಲ.